ತುಳಸಿಗೆ ಕೊಟ್ಟ ಜಾಗ

ದೇವರಿಗೆ ಜಾಗ ಕೊಡುವುದು ದೊಡ್ಡ ಪುಣ್ಯ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಕೊಡುವ ಜಾಗ ಯಾರದ್ದೆಂದು ಮೊದಲು ನೋಡಿಕೊಳ್ಳಬೇಕು ಎಂದೂ ಹೇಳಿದ್ದಳೋ ಏನೋ. ಹೇಳಿದ್ದರೂ ನಾನು ಕೇಳಿಸಿಕೊಂಡಿರಲಿಕ್ಕಿಲ್ಲ. ಕೇಳಿಸಿಕೊಂಡಿದ್ದರೆ ಈ ಕತೆ ಹೇಳುವ ಪ್ರಸಂಗ ಬರುತ್ತಿರಲಿಲ್ಲ.

ಆಗ ನಾವು ವಿಕ್ರೋಳಿಯಲ್ಲಿದ್ದೆವು. ಮಹಡಿಯಿಲ್ಲದ, ಒಂದೇ ಸಾಲಿನ ಚಾಳು. ಎಂಟು ಖೋಲಿಗಳು. ಕೊನೆಯ ಎರಡರಲ್ಲಿ ಒಂದು ನಮ್ಮದು, ಇನ್ನೊಂದು ಬೆಳಗಾವಿ ಕಡೆಯ ಗಂಗೂಬಾಯಿಯದು. ಅವಳ ಗಂಡ ಬಸವಂತಪ್ಪನಿಗೆ ಅಲ್ಲೇ ಕಾರ್ಖಾನೆಯಲ್ಲಿ ಕೆಲಸ. ನನ್ನ ಗಂಡ ಕಾಂತಪ್ಪ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರು. ಬೆಳಗಿನ ಮೊದಲ ಲೋಕಲ್ಲಿಗೆ ಹೋದರೆ ದೀಪ ಹಚ್ಚಿದ ಮೇಲೆಯೇ ಬರುವುದು.

ನಮ್ಮ ಎರಡು ಖೋಲಿಗಳ ಮುಂದೆ ಒಂದು ತುಂಡು ನೆಲವಿತ್ತು. ಇಪ್ಪತ್ತು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲ. ಅದನ್ನು ಅಂಗಳವೆಂದು ಕರೆಯಲು ನನಗೆ ನಾಲ್ಕು ವರ್ಷ ಬಾಯಿ ಬರಲಿಲ್ಲ. ಇದ್ದಿಲಿನ ಗೋಣಿ, ತೂತು ಬಿದ್ದ ಬಾಲ್ದಿ, ಗಂಗೂಬಾಯಿಯ ಒಲೆ, ನಾನು ಒಣಗಲು ಹಾಕುವ ಮೀನು, ಬಟ್ಟೆ ಒಗೆಯುವ ಕಲ್ಲು ಎಲ್ಲ ಅಲ್ಲಿಯೇ, ಒಂದರ ಮೇಲೊಂದು. ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಧೂಳು. ಇಷ್ಟರ ನಡುವೆ ನಾರಿನ ಹಗ್ಗ ಹೆಣೆದ ಒಂದು ಮಂಚ. ಅದು ದೂಜಣ್ಣನದು.

ದೂಜಣ್ಣ ನಮ್ಮ ಸಂಬಂಧಿಕರಲ್ಲ. ನಮ್ಮವರು ಕೆಲಸ ಮಾಡುವ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ರುಬ್ಬುವ ಕಲ್ಲಿನ ಮುಂದೆ ಕೂತಿದ್ದವರು. ರುಬ್ಬುವ ಕಲ್ಲು ಇದ್ದದ್ದು ಒಲೆಗಳ ಪಕ್ಕ, ಅವರು ಮಲಗುತ್ತಿದ್ದದ್ದು ಅದೇ ಒಲೆಗಳ ಮೇಲಿನ ಅಟ್ಟದಲ್ಲಿ. ಹೊಗೆಯೆಲ್ಲ ಎದೆಯೊಳಗೆ ಹೋಗಿ ಮನೆ ಮಾಡಿತು. ಉಬ್ಬಸ ಬಂದು ಕೆಲಸ ಬಿಟ್ಟಾಗ ಅವರಿಗೆ ಹೆಂಡತಿಯೂ ಇರಲಿಲ್ಲ, ಮನೆಯೂ ಇರಲಿಲ್ಲ. ದವಾಖಾನೆಯ ಡಾಕ್ಟರು, "ಕೋಣೆಯೊಳಗೆ ಮಲಗಬೇಡ, ಗಾಳಿಯಾಡುವ ಕಡೆ ಮಲಗು, ನಿನಗೆ ಮದ್ದು ಅದೇ" ಎಂದರಂತೆ. ನಮ್ಮವರು ಒಂದು ಸಂಜೆ ಅವರ ಕೈಹಿಡಿದು ಕರೆತಂದು, "ನೀಲಾವತಿ, ಇವರು ನಮ್ಮ ಎದುರು ಮಲಗಲಿ" ಎಂದರು. ನಾನು ಒಂದು ಚೊಂಬು ನೀರು ಕೊಟ್ಟೆ. ಅಷ್ಟೇ ಆದದ್ದು.

ನಮ್ಮ ಎದುರಿಗೆ ಇನ್ನೆರಡು ಚಾಳುಗಳಿದ್ದವು. ಅವುಗಳ ನಡುವೆ ಒಂದು ಸಂದು. ಆ ಸಂದು ಸರಿಯಾಗಿ ನಮ್ಮ ಬಾಗಿಲಿಗೆ ನೇರ. ಮೂಡಣದ ಖಾಡಿಯಿಂದ, ಆ ಉಪ್ಪು ಹಿನ್ನೀರಿನ ಕಡೆಯಿಂದ, ಗಾಳಿ ಬರುವುದಿದ್ದರೆ ಅದರಿಂದಲೇ ಬರಬೇಕು. ದೂಜಣ್ಣ ಮೊದಲ ದಿನವೇ ಬೆರಳು ಒದ್ದೆ ಮಾಡಿ ಗಾಳಿ ನೋಡಿ, ಮಂಚವನ್ನು ಸಂದಿಗೆ ನೇರವಾಗಿ ಹಾಕಿಕೊಂಡಿದ್ದರು. ಒಂದು ಮೊಳ ಈ ಕಡೆ ಆದರೂ ಗಾಳಿಯಿಲ್ಲ. ಅಲ್ಲಿ ದಿಂಬನ್ನು ಮಡಿಲಲ್ಲಿಟ್ಟು, ಅದರ ಮೇಲೆ ಬಾಗಿ, ಕೂತುಕೊಂಡೇ ನಿದ್ದೆ ಮಾಡುವರು. ಮಳೆಗಾಲದಲ್ಲಿ ಮೇಲೆ ತಾಡಪತ್ರಿ ಕಟ್ಟಿಕೊಡುತ್ತಿದ್ದೆವು. ಮೂರು ವರ್ಷದಲ್ಲಿ ಅವರ ಉಸಿರು ತಕ್ಕಮಟ್ಟಿಗೆ ಹದಕ್ಕೆ ಬಂತು. ಅಂಗಡಿಗೆ ಹೋಗಿಬರುವಷ್ಟು, ಗಂಗೂಬಾಯಿಯ ಮಾತಿಗೆ ಎದುರು ಮಾತಾಡುವಷ್ಟು.

ಕನ್ನಡ ರಾಜ್ಯ ಒಂದಾದ ವರ್ಷ ಅದು. ದೀಪಾವಳಿ ಹಿಂದುಮುಂದು. ಮಳೆ ನಿಂತು ನೆಲ ಹದವಾಗಿತ್ತು. ನಮ್ಮ ಊರಲ್ಲಾದರೆ ಆ ದಿನಗಳಲ್ಲಿ ಮನೆಮನೆಯಲ್ಲೂ ಅಂಗಳ ಮಾಡುವ ಕೆಲಸ. ಹುಲ್ಲು ಕೆತ್ತಿ, ಮಣ್ಣು ಹಾಕಿ, ನೀರು ಚಿಮುಕಿಸಿ, ಹಲಗೆಯಿಂದ ಬಡಿದು, ಇದ್ದಿಲ ಪುಡಿ ಕಲಸಿದ ಸೆಗಣಿಯಿಂದ ಸಾರಿಸಿದರೆ, ಮುಂದಿನ ಮಳೆಯವರೆಗೆ ಮನೆಯವರ ಬದುಕೆಲ್ಲ ಅಲ್ಲಿಯೇ. ಒಂದು ಬೆಳಗ್ಗೆ ಬಾಗಿಲಲ್ಲಿ ನಿಂತು ಆ ಗೋಣಿ ಬಾಲ್ದಿಗಳನ್ನು ನೋಡುತ್ತಿದ್ದವಳು ದೂಜಣ್ಣನ ಕಡೆ ತಿರುಗಿದೆ.

"ದೂಜಣ್ಣ, ಇದನ್ನು ಅಂಗಳ ಮಾಡಿದರೆ ಹೇಗೆ?" ಎಂದೆ.

ಅವರು ದಿಂಬಿನಿಂದ ಮುಖ ಎತ್ತಿದರು. "ಎಂತ ಹೇಳ್ತೀರಿ ನೀಲಕ್ಕ! ನಾನು ಮೂರು ವರ್ಷದಿಂದ ಇದನ್ನೇ ಯೋಚನೆ ಮಾಡುದು. ನೀವು ಎಂತ ಹೇಳ್ತೀರೋ ಅಂತ ಸುಮ್ಮನಿದ್ದೆ."

ಮರುದಿನವೇ ಶುರು. ನಾನು ಮತ್ತು ಗಂಗೂಬಾಯಿ ಅಗೆಯುವುದು, ದೂಜಣ್ಣ ಮಂಚದ ಮೇಲೆ ಕೂತು ಹೇಳುವುದು. ಸ್ವಲ್ಪ ಹೊತ್ತಿಗೆ ಅವರಿಗೆ ತಡೆಯಲಾಗದೆ ಎದ್ದು ಹಲಗೆ ಕಿತ್ತುಕೊಂಡು ನಾಲ್ಕು ಪೆಟ್ಟು ಬಡಿಯುವುದು, ಏದುಸಿರು ಬಂದು ಮತ್ತೆ ಕೂರುವುದು.

"ಏ ದೂಜಪ್ಪಾ, ನೀ ಸತ್ತಿ-ಗಿತ್ತಿ! ಹಲಗಿ ಇತ್ಲಾಗ ಕೊಡು," ಎಂದು ಗಂಗೂಬಾಯಿ ಗದರುವಳು. "ನಮ್ಮ ಊರು ನೋಡಿದ್ರ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಹೋತು, ನಾ ಇಲ್ಲೇ ಮಣ್ಣು ಹೊರಾಕತ್ತೀನಿ. ಈ ನೆಲಾ ಯಾರ ರಾಜ್ಯಕ್ಕ ಹೋಗತೈತೋ!"

"ಇದು ನಮ್ಮ ಉಡುಪಿಗೆ ಗಂಗಕ್ಕ. ನಿಮಗೆ ರೊಟ್ಟಿ ಬಡೀಲಿಕ್ಕೆ ಒಂದು ಮೂಲೆ ಕೊಡುವಾ."

"ಕೊಡಾಕ ಬಂದಾನ ನೋಡು ದೇಸಾಯಿ!"

ಎಮ್ಮೆಗಳ ತಬೇಲಾದಿಂದ ಸೆಗಣಿ ಬಂತು. ಹೋಟೆಲಿನಿಂದ ನಮ್ಮವರು ಇದ್ದಿಲ ಪುಡಿ ತಂದರು. ನಾಲ್ಕನೆಯ ದಿನ ಸಾರಿಸಿದ ನೆಲ ಕಪ್ಪಗೆ, ತಣ್ಣಗೆ ಮಿರುಗಿತು. ಬರಿಗಾಲಲ್ಲಿ ನಿಂತು ನನಗೆ ಕಣ್ಣು ತುಂಬಿತು. ಮುಂಬಯಿಗೆ ಬಂದ ಮೇಲೆ ಕಾಲಿಗೆ ಮೊದಲ ಸಲ ನೆಲ ಸಿಕ್ಕ ಹಾಗೆ.

ಆಮೇಲೆ ಒಂದೊಂದಕ್ಕೂ ಜಾಗ ಮಾಡಿದೆ. ಗಂಗೂಬಾಯಿಯ ಒಲೆ ಗಾಳಿಯ ಮರೆಗೆ, ಗೋಡೆಯ ಕಡೆ. ಒಗೆಯುವ ಕಲ್ಲು ಮೋರಿಯ ಪಕ್ಕ. ಇದ್ದಿಲು ಡಬ್ಬದೊಳಗೆ. ಬಿದಿರು ಸೀಳಿ ಬೇಲಿ, ಬೇಲಿಗೆ ಬಸಳೆ ಬಳ್ಳಿ. ಬೇಲಿಯ ಈಚೆಗೆ ಕೂತು ಅಕ್ಕಿ ಆರಿಸಲು ಎರಡು ಮಣೆ. ನಡುವೆ, ಎಲ್ಲರೂ ಸಂಜೆ ಕೂರುವ ಬರಿಯ ನೆಲ. ಎಲ್ಲ ಆದ ಮೇಲೆ ನನಗೆ ಒಂದೇ ಕೊರತೆ ಕಂಡಿತು. ತುಳಸಿಯಿಲ್ಲದೆ ಅದೆಂಥ ಅಂಗಳ?

ತುಳಸಿಕಟ್ಟೆ ಬಾಗಿಲಿಗೆ ನೇರವಾಗಿರಬೇಕು, ಮನೆಯಿಂದ ಮೂಡಣಕ್ಕಿರಬೇಕು. ಬಾಗಿಲಿಗೆ ನೇರವಾಗಿ ಇದ್ದದ್ದು ದೂಜಣ್ಣನ ಮಂಚ.

ನಾನು ಪಂಚಾಂಗ ನೋಡಿಸಿದೆ, ಭಟ್ಟರನ್ನು ಕೇಳಿದೆ, ನಮ್ಮವರನ್ನು ಕೇಳಿದೆ. ದೂಜಣ್ಣನಿಗೆ ಮಾತ್ರ ಹೇಳಿದೆ: "ದೂಜಣ್ಣ, ಕಟ್ಟೆ ಇಲ್ಲಿ ಬರುತ್ತದೆ. ನಿಮ್ಮ ಮಂಚ ಆ ಮೋರಿಯ ಬದಿಗೆ ಇರಲಿ, ಆಗದೇ?"

ಅವರು ಸಂದಿನ ಕಡೆ ಒಮ್ಮೆ ನೋಡಿದರು. ಆಮೇಲೆ ನನ್ನ ಕಡೆ. ಅವರ ಮುಖ ಅರಳಿತು. ಅದನ್ನು ನಾನು ಈ ಕಣ್ಣಿನಿಂದ ನೋಡಿದ್ದೇನೆ, ಸುಳ್ಳಲ್ಲ. "ಕಟ್ಟೆ ಯಾರು ಕಟ್ಟುದು?" ಎಂದರು.

"ಯಾರಾದರೂ ಗವಂಡಿಯನ್ನು ಹೇಳಬೇಕು."

"ನಾನು ಕಟ್ಟಲಾ ನೀಲಕ್ಕ?"

ಅವರೇ ಕಟ್ಟಿದರು. ಒಂದು ದಿನದ ಕೆಲಸಕ್ಕೆ ಒಂಬತ್ತು ದಿನ. ನಾಲ್ಕು ಇಟ್ಟಿಗೆ ಇಟ್ಟು ಉಸಿರು ತೆಗೆದುಕೊಳ್ಳುವುದು, ಮತ್ತೆ ನಾಲ್ಕು. ದಿನವೂ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಮಣ್ಣು ಮುಟ್ಟುವರು. ನಾಲ್ಕು ಮೂಲೆಗೆ ನಾಲ್ಕು ಗೂಡು, ದೀಪಕ್ಕೆ. ಸುಣ್ಣ ಹೊಡೆದು ಕೆಮ್ಮಣ್ಣಿನ ಪಟ್ಟೆ ಎಳೆದಾಗ ಆಚೆ ಚಾಳಿನ ಮರಾಠಿ ಹೆಂಗಸರೂ ಬಂದು ಕೈಮುಗಿದರು.

"ಕೈ ಚಲೋ ಐತಿ ನಿಂದು ದೂಜಪ್ಪಾ," ಎಂದಳು ಗಂಗೂಬಾಯಿ. "ಇಪ್ಪತ್ತು ವರ್ಷ ಸುಮ್ಮನ ಹಿಟ್ಟು ರುಬ್ಬಿದಿ."

ಉತ್ಥಾನ ದ್ವಾದಶಿಯ ಮುಸ್ಸಂಜೆ ತುಳಸಿಪೂಜೆ. ಕಬ್ಬು ಕಟ್ಟಿ, ನೆಲ್ಲಿಯ ಕೊಂಬೆ ನೆಟ್ಟು, ಗೂಡುಗಳಲ್ಲಿ ದೀಪ ಇಟ್ಟಿದ್ದೆ. ಹೋಟೆಲಿನ ಯಜಮಾನರ ಹೆಂಡತಿ ಫೋರ್ಟಿನಿಂದ ಅಷ್ಟು ದೂರ ನಮ್ಮ ಅಂಗಳಕ್ಕೆ ಬಂದಿದ್ದರು. ನನಗೆ ಕಾಲು ನೆಲದ ಮೇಲಿರಲಿಲ್ಲ. ಭಟ್ಟರು ಆರತಿ ಎತ್ತುವ ಹೊತ್ತಿಗೆ ಮೋರಿಯ ಬದಿಯಿಂದ ಕೆಮ್ಮು ಶುರುವಾಯಿತು. ಊದುಬತ್ತಿಯ ಹೊಗೆ, ಕರ್ಪೂರದ ಹೊಗೆ, ಮೂಲೆಯಲ್ಲಿ ಗಾಳಿಯಿಲ್ಲ. ದೂಜಣ್ಣ ಮಂಚದ ಅಂಚಿಗೆ ಬಾಗಿ, ಬೂದಿ ಹಾಕಿದ ಗೆರಟೆಯಲ್ಲಿ ಉಗುಳಿ, ಮತ್ತೆ ಕೆಮ್ಮಿ, ಮತ್ತೆ ಉಗುಳಿ. ನಿಲ್ಲಲೇ ಇಲ್ಲ. ಯಜಮಾನರ ಹೆಂಡತಿ ಏನೂ ಹೇಳಲಿಲ್ಲ. ಸೀರೆಯ ನೆರಿಗೆಯನ್ನು ಸ್ವಲ್ಪ ಎತ್ತಿ ಹಿಡಿದುಕೊಂಡರು, ಅಷ್ಟೇ. ಹೇಳಿದವಳು ನಾನು.

"ದೂಜಣ್ಣ, ತುಳಸಿಯ ಎದುರು ಇದೆಂಥದು? ಅದನ್ನು ಎತ್ತಿಕೊಂಡು ಆಚೆ ಹೋಗಿ."

ಅವರು ಗೆರಟೆ ಎತ್ತಿಕೊಂಡರು. ಇನ್ನೊಂದು ಕೈಯಿಂದ ಬಾಯಿಗೆ ಬೈರಾಸು ಒತ್ತಿಕೊಂಡು, ಗೋಡೆ ಹಿಡಿದುಕೊಂಡು ರಸ್ತೆಯವರೆಗೂ ಹೋದರು. ಆರತಿ ಚೆನ್ನಾಗಿ ಆಯಿತು. ಅವಲಕ್ಕಿ ಪ್ರಸಾದವನ್ನು ಯಜಮಾನರ ಹೆಂಡತಿ ಎರಡನೆಯ ಸಲ ಕೇಳಿ ಹಾಕಿಸಿಕೊಂಡರು.

ಮರುದಿನದಿಂದ ದೂಜಣ್ಣ ಕೆಮ್ಮು ಬಂದಾಗಲೆಲ್ಲ ಎದ್ದು ರಸ್ತೆಗೆ ಹೋಗತೊಡಗಿದರು. ಇಪ್ಪತ್ತು ಹೆಜ್ಜೆ ಹೋಗಬೇಕು, ಇಪ್ಪತ್ತು ಹೆಜ್ಜೆ ಬರಬೇಕು. ಬಂದು ಕೂರುವಷ್ಟರಲ್ಲಿ ಮತ್ತೊಮ್ಮೆ. ನಾನು ದೀಪ ಹಚ್ಚುತ್ತಾ ಅದನ್ನು ನೋಡುತ್ತಿದ್ದೆ. ನೋಡಿ, 'ಪಾಪ, ತಿಳಿದವರು, ಹೇಳಿಸಿಕೊಳ್ಳಬೇಕಾಗಿಲ್ಲ' ಎಂದು ಮನಸ್ಸಿನಲ್ಲೇ ಮೆಚ್ಚುತ್ತಿದ್ದೆ. ಈ ಮೆಚ್ಚಿಗೆಯನ್ನು ನೆನೆದರೆ ಇವತ್ತಿಗೂ ನನಗೆ ತುಳಸಿಯ ಮುಂದೆ ನಿಲ್ಲಲಾಗುವುದಿಲ್ಲ.

ಹನ್ನೆರಡನೆಯ ದಿನ ಅವರು ಬಟ್ಟೆಯ ಗಂಟು ಹಿಡಿದು ನಿಂತಿದ್ದರು. ಧಾರಾವಿಯಲ್ಲಿ ಸೀನ ಅಂತ ಅವರ ಅಕ್ಕನ ಮಗ, ಚರ್ಮದ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿದ್ದ. "ಅವನು ಕರೀತಾ ಇದ್ದಾನೆ ನೀಲಕ್ಕ. ಸ್ವಲ್ಪ ದಿನ ಇದ್ದು ಬರುವಾ ಅಂತ," ಎಂದರು. ಕಟ್ಟೆಗೆ ದೂರದಿಂದಲೇ ಕೈಮುಗಿದರು. ಮಂಚ ಅಲ್ಲೇ ಬಿಟ್ಟಿದ್ದರಿಂದ ಬರುತ್ತಾರೆ ಎಂದುಕೊಂಡೆ.

ಅಂಗಳ ಚೆನ್ನಾಗಿಯೇ ಇತ್ತು. ಬಸಳೆ ಬೇಲಿ ತುಂಬಿತು. ಆದರೆ ಯಾಕೋ ಸಂಜೆ ಯಾರೂ ಬಂದು ಕೂರುತ್ತಿರಲಿಲ್ಲ. ಕಾಲು ಚಾಚಿದರೆ ತುಳಸಿಯ ಕಡೆ ಆಗುತ್ತದೆ. ಮೀನು ಒಣಗಿಸಲಾಗದು. ಜೋರಾಗಿ ನಗಲೂ ಹೆದರಿಕೆ. ಗಂಗೂಬಾಯಿ ಒಲೆಯನ್ನು ಮತ್ತೆ ಒಳಗೇ ಒಯ್ದಳು.

"ಯಾಕೆ ಗಂಗಕ್ಕ, ಹೊಗೆಯಲ್ಲಿ ಕೂರ್ತೀರಿ?" ಎಂದು ಕೇಳಿದ್ದಕ್ಕೆ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನನ್ನ ದೇವರು ಕೊರಳಾಗಿರತಾನ ನೋಡವಾ," ಎಂದು ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿಕೊಂಡಳು. "ನಾ ರೊಟ್ಟಿ ಬಡದ್ರ ಅವನೂ ಬಡೀತಾನ, ನಾ ಕೆಮ್ಮಿದ್ರ ಅವನೂ ಕೆಮ್ಮತಾನ. ನಿನ್ನ ದೇವರಿಗೆ ಜಾಗಾ ಬೇಕಾತು. ಕೊಟ್ಟಿ. ಚಲೋ ಆತು. ಪಂಚಾಂಗ ಕೇಳಿದಿ, ಭಟ್ರನ್ನ ಕೇಳಿದಿ. ಆ ಮುದುಕನ್ನ ಕೇಳಿದ್ಯೇನು?"

"ಅವರೇ ಅಲ್ವಾ ಕಟ್ಟಿದ್ದು?"

"ಕಟ್ಟಿದ. ನೀ ಕೇಳಿದ್ಯೇನು ಅಂತ ಕೇಳಾಕತ್ತೀನಿ ನಾ."

ಆ ಮಾತು ನನ್ನನ್ನು ಕುಳಿತಲ್ಲಿ ಕೂರಲು ಬಿಡಲಿಲ್ಲ. ಆದರೂ ನಾಳೆ ಹೋಗೋಣ, ಈ ಹಬ್ಬ ಕಳೆಯಲಿ ಎಂದು ನಾಲ್ಕು ತಿಂಗಳು ಕಳೆದೆ. ಹೋಳಿಯ ನಂತರ ಗಂಗೂಬಾಯಿಯನ್ನು ಜೊತೆ ಮಾಡಿಕೊಂಡು ಧಾರಾವಿಗೆ ಹೋದೆ. ಕೆಳಗೆ ಚರ್ಮ, ಅಂಟು, ಸುತ್ತಿಗೆಯ ಸದ್ದು. ಏಣಿ ಹತ್ತಿದರೆ ತಗಡಿನ ಮಾಡು ತಲೆಗೆ ತಾಗುವ ಅಟ್ಟ. ಕಿಟಕಿಯಿಲ್ಲ. ದೂಜಣ್ಣ ಗೋಣಿಯ ಮೇಲೆ, ದಿಂಬಿಗೆ ಬಾಗಿ ಕೂತಿದ್ದರು. ಬೆನ್ನಿನ ಎಲುಬನ್ನು ದೂರದಿಂದಲೇ ಎಣಿಸಬಹುದಿತ್ತು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ನಾಲ್ಕು ಉಸಿರು ಬೇಕು. ಆದರೂ ನಮ್ಮನ್ನು ಕಂಡು ನಕ್ಕರು.

"ತುಳಸಿ ಹೇಗುಂಟು ನೀಲಕ್ಕ? ಕದಿರು ಬಂತಾ?"

"ಬಂದಿದೆ. ನೀವು ಬನ್ನಿ ದೂಜಣ್ಣ. ಮಂಚ ಹಾಗೇ ಇದೆ."

"ಎಲ್ಲಿ ಹಾಕುದು?" ಎಂದರು. ಕುಹಕವಿರಲಿಲ್ಲ. ನಿಜವಾಗಿಯೇ ಕೇಳಿದ್ದು. "ಮೋರಿಯ ಬದಿ ಗಾಳಿ ಇಲ್ಲ. ಗಾಳಿ ಇದ್ದಲ್ಲಿ ಆ ತಾಯಿ ಇದ್ದಾಳೆ."

"ತುಳಸಿಯನ್ನೇ ಸರಿಸುತ್ತೇನೆ."

ಅವರು ಎರಡೂ ಕೈ ಎತ್ತಿದರು. "ಬಿಡ್ತು ಅನ್ನಿ, ಬಿಡ್ತು ಅನ್ನಿ! ನೆಲೆಯಾದ ತಾಯಿಯನ್ನು ಕೀಳುದಾ? ಹಾಗೆ ಹೇಳ್ಬಾರದು." ಆಮೇಲೆ ಕೆಮ್ಮು ಬಂದು ಮಾತು ಅಲ್ಲಿಗೇ ನಿಂತಿತು. ಮುಂದೆ ಏನು ಹೇಳುವವರಿದ್ದರೋ ನಾನು ಕಾದು ಕೇಳಲಿಲ್ಲ. ಸಂಕೋಚದಿಂದ ಬೇಡ ಅನ್ನುತ್ತಿದ್ದಾರೆ ಎಂದುಕೊಂಡೆ. ಇಷ್ಟು ಬೇಗ ಅರ್ಥ ಮಾಡಿಕೊಂಡುಬಿಡುವ ಬುದ್ಧಿಯೇ ನನ್ನನ್ನು ಹಾಳುಮಾಡಿದ್ದು.

ಮನೆಗೆ ಬಂದವಳು ಒಳ್ಳೆಯ ದಿನ ನೋಡಿ, ಉಪವಾಸವಿದ್ದು, ತುಳಸಿಯ ಮುಂದೆ ಅಡ್ಡಬಿದ್ದು ಕ್ಷಮೆ ಕೇಳಿದೆ. ಬೇರಿನ ಮಣ್ಣು ಉದುರದಂತೆ ಗಿಡ ಎತ್ತಿ, ಬೇಲಿಯ ಮೂಲೆಯಲ್ಲಿ ಒಂದು ಹಳೆಯ ಡಬ್ಬದಲ್ಲಿ ನೆಟ್ಟೆ. ಕಟ್ಟೆ ಇದ್ದರೆ ಮಂಚ ಹಿಡಿಯುವುದಿಲ್ಲ. ಬಸವಂತಪ್ಪ ಹಾರೆ ತಂದು ಅರ್ಧ ಗಂಟೆಯಲ್ಲಿ ಕಟ್ಟೆ ಒಡೆದುಕೊಟ್ಟ. ಒಡೆದ ಜಾಗವನ್ನು ಬಡಿದು ಸಾರಿಸಿದೆ. ಮಂಚದ ಹಗ್ಗ ಬಿಗಿದು ಸಂದಿಗೆ ನೇರವಾಗಿ ಹಾಕಿದೆ. ಅದರ ಮೇಲೆ ಕೂತು ನೋಡಿದೆ. ಗಾಳಿ ಮುಖಕ್ಕೆ ಬಂತು. ಇಷ್ಟು ವರ್ಷ ಅಲ್ಲಿದ್ದೂ ಆ ಗಾಳಿ ನನಗೆ ತಾಗಿರಲಿಲ್ಲ.

ಮರುದಿನವೇ ಧಾರಾವಿಗೆ ಓಡಿದೆ. ಏಣಿ ಹತ್ತುತ್ತಲೇ ಹೇಳಿದೆ: "ದೂಜಣ್ಣ, ಏಳಿ. ಜಾಗ ಬಿಡಿಸಿದ್ದೇನೆ. ಮಂಚ ಮೊದಲಿನ ಕಡೆಯೇ ಹಾಕಿದ್ದೇನೆ. ತುಳಸಿ ಬೇಲಿಯ ಮೂಲೆಯಲ್ಲಿದ್ದಾಳೆ, ಚೆನ್ನಾಗಿದ್ದಾಳೆ."

ಅವರು ನನ್ನನ್ನೇ ನೋಡಿದರು. "ಕಟ್ಟೆ?"

"ಒಡೆದೆವು."

ಕೆಳಗೆ ಸುತ್ತಿಗೆಯ ಸದ್ದು ನಡೆದೇ ಇತ್ತು. ದೂಜಣ್ಣ ತಮ್ಮ ಎರಡೂ ಅಂಗೈಗಳನ್ನು ಮಡಿಲಲ್ಲಿ ಬಿಡಿಸಿಟ್ಟುಕೊಂಡು ಅವನ್ನೇ ನೋಡುತ್ತಾ ಕೂತರು.

"ಊರಲ್ಲಿ ನಮ್ಮನ್ನು ತುಳಸಿಕಟ್ಟೆ ಇದ್ದ ಅಂಗಳಕ್ಕೆ ಬಿಡ್ತಿರಲಿಲ್ಲ ನೀಲಕ್ಕ," ಎಂದರು, ನಿಲ್ಲಿಸಿ ನಿಲ್ಲಿಸಿ. "ಗುತ್ತಿನ ಧಣಿಗಳ ಮನೆಯಲ್ಲಿ ನನ್ನ ಅಪ್ಪ ಬೇಲಿಯ ಆಚೆ ನಿಂತು ಕೈಮುಗೀತಿದ್ದ. ನಾನೂ ಅಲ್ಲೇ ನಿಂತವ. ಇಲ್ಲಿ ನನ್ನ ಕೈಯಿಂದ ಒಂದು ಕಟ್ಟೆ ಆಯ್ತು. ನೀವು ದಿನಾ ದೀಪ ಇಡ್ತೀರಿ. ಇಲ್ಲಿ ಉಸಿರು ಕಟ್ಟಿದಾಗ ನಾನು ಅದನ್ನೇ ನೆನಸ್ಕೊಂಡು ಕೂರುದು. ನಾಲ್ಕು ಗೂಡು. ನಾಲ್ಕು ದೀಪ."

"ಮತ್ತೆ ಕಟ್ಟುವಾ," ಎಂದೆ. ಒಂಬತ್ತು ದಿನ ಇಟ್ಟಿಗೆ ಇಡುವ ಉಸಿರು ಆ ಎದೆಯಲ್ಲಿ ಉಳಿದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ಬನ್ನಿ ದೂಜಣ್ಣ, ಗಾಳಿಗಾದರೂ ಬನ್ನಿ."

"ನನ್ನ ದೆಸೆಯಿಂದ ಎದ್ದವಳ ಜಾಗದಲ್ಲಿ ನಾನು ಹೇಗೆ ಮಲಗುದು?" ಸಿಟ್ಟಿರಲಿಲ್ಲ. ಮಗುವಿಗೆ ಹೇಳುವಂತೆ ಹೇಳಿದರು. "ನೀವು ಹೋಗಿ. ಕತ್ತಲೆಯಾಗ್ತದೆ. ಗಂಗಕ್ಕನಿಗೆ ನಾನು ಕೇಳಿದೆ ಅಂತ ಹೇಳಿ."

ಏಣಿ ಇಳಿಯುವಾಗ ಸೀನ ಕೈ ಹಿಡಿದು ಇಳಿಸಿದ. "ಹೇಳ್ತೇನೆ ಅತ್ತೆ, ಇನ್ನೊಮ್ಮೆ ಹೇಳಿ ನೋಡ್ತೇನೆ," ಎಂದ. ಅವನು ಹೇಳಿಯೂ ಇರಬೇಕು. ದೂಜಣ್ಣ ಬರಲಿಲ್ಲ. ಮಳೆಗೆ ಮುಂಚಿನ ಕೊನೆಯ ಹಡಗಿನಲ್ಲಿ ಸೀನ ಅವರನ್ನು ಮಂಗಳೂರಿಗೆ ಕರೆದುಕೊಂಡು ಹೋದನೆಂದು ನಮ್ಮವರು ಹೋಟೆಲಿನಲ್ಲಿ ಕೇಳಿಕೊಂಡು ಬಂದರು. ಹಡಗಿನ ಮೇಲೆ ಗಾಳಿ ಚೆನ್ನಾಗಿ ಸಿಕ್ಕಿರಬೇಕು ಎಂದು ನಾನು ಸಮಾಧಾನ ಮಾಡಿಕೊಂಡೆ. ಆಮೇಲೆ ಅವರ ಸುದ್ದಿ ಸಿಗಲಿಲ್ಲ.

ಬೇಲಿಯ ಮೂಲೆಯ ತುಳಸಿ ಹದಿನೈದು ದಿನ ಬಾಡಿದಂತಿದ್ದು, ಮೊದಲ ಮಳೆಗೆ ಚಿಗುರಿತು. ಹಿಂದಿಗಿಂತ ದಟ್ಟವಾಗಿ, ಹಸುರಾಗಿ. ಡಬ್ಬದಲ್ಲಿರಲಿ, ಮೂಲೆಯಲ್ಲಿರಲಿ, ಅವಳಿಗೆ ಏನೂ ಆಗಲಿಲ್ಲ. ಒಮ್ಮೆ ಗಂಗೂಬಾಯಿ ಅದರ ಪಕ್ಕದಲ್ಲೇ ಕಾಲು ಚಾಚಿ ಕೂತು ನನ್ನನ್ನೂ ಕರೆದಳು.

"ಬಾ ಇಲ್ಲೆ, ಕುಂದ್ರು. ಏನೂ ಅನ್ನಂಗಿಲ್ಲ ಆಕಿ."

ಕೂತೆ. ನಿಜ, ತುಳಸಿ ಏನೂ ಅನ್ನಲಿಲ್ಲ. ಮೊದಲೂ ಅನ್ನುತ್ತಿರಲಿಲ್ಲವೇನೋ. ಆರತಿಯ ಆ ಸಂಜೆ ನಾನೇ ಅವಳ ಪರವಾಗಿ ಮಾತಾಡಿದ್ದೆ.